ದೋಣಿಯ ತೆಳು ವೈರಿಂಗ್‌ಗೆ ಯಾವ ಕನೆಕ್ಟರ್? ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬೈತಖೋಲದಿಂದ ಭಟ್ಕಳದವರೆಗೆ ಎಲ್ಲ ದಕ್ಕೆಗಳಲ್ಲೂ ದುರಸ್ತಿಯದೇ ಗದ್ದಲ. ಎಂಜಿನ್ ಬಿಚ್ಚುತ್ತಾರೆ, ಬಲೆ ಸರಿಮಾಡುತ್ತಾರೆ, ತಳಕ್ಕೆ ಬಣ್ಣ ಬಳಿಯುತ್ತಾರೆ. ವೈರಿಂಗ್‌ನ ಸರದಿ ಬರುವುದು ಎಲ್ಲ ಮುಗಿದ ಮೇಲೆ, ಕೈಯಲ್ಲಿದ್ದ ದುಡ್ಡೂ ಮುಗಿದ ಮೇಲೆ. ಆಗ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ ಇರುತ್ತವೆ. ದೀಪ, ಜಿಪಿಎಸ್, ಮೀನು ಶೋಧಕ, ವಯರ್‌ಲೆಸ್ ಸೆಟ್, ಫ್ಲೋಟ್ ಸ್ವಿಚ್ (ತಳದ ನೀರು ಏರಿದಾಗ ಪಂಪನ್ನು ತಾನೇ ಓಡಿಸುವ ಸ್ವಿಚ್) ಇವುಗಳಿಗೆ ಹೋಗುವ ತೆಳು ವೈರ್‌ಗಳ ಜೋಡಣೆಯ ಬಗ್ಗೆ ಮಾತ್ರ ಇಲ್ಲಿ ಉತ್ತರವಿದೆ. ಬ್ಯಾಟರಿ ಮತ್ತು ಸ್ಟಾರ್ಟರ್‌ನ ದಪ್ಪ ಕೇಬಲ್‌ಗಳ ಲೆಕ್ಕ ಬೇರೆ.

ತೆಳು ವೈರ್ ಎಂದರೆ ಎಷ್ಟು ತೆಳು?

ಇಲ್ಲಿ ಹೇಳುತ್ತಿರುವುದು 0.35ರಿಂದ 1.5 ಚದರ ಮಿ.ಮೀ. ವರೆಗಿನ ವೈರ್‌ಗಳ ವಿಷಯ. ಅಮೆರಿಕದ ಗೇಜ್ ಲೆಕ್ಕದಲ್ಲಿ 22ರಿಂದ 16. ನಮ್ಮ ಅಂಗಡಿಗಳಲ್ಲಿ "ಪಾಯಿಂಟ್ ಏಳೈದು" ಎಂದು ಕೇಳಿದರೆ ಕೊಡುವ 0.75ರ ವೈರ್ ಈ ಗುಂಪಿನ ನಡುವಿನದು. ಅದರಲ್ಲಿ 0.2 ಮಿ.ಮೀ. ದಪ್ಪದ 24 ಎಳೆಗಳಿರುತ್ತವೆ. ಬ್ಲೇಡಿನಲ್ಲಿ ಸಿಪ್ಪೆ ಸುಲಿಯುವಾಗ ನಾಲ್ಕು ಎಳೆ ತುಂಡಾದರೆ ವೈರಿನ ಆರನೇ ಒಂದು ಭಾಗ ಹೋದಂತೆ. ದಪ್ಪ ಕೇಬಲಿನಲ್ಲಿ ನಾಲ್ಕು ಎಳೆ ಹೋದರೆ ಯಾರಿಗೂ ತಿಳಿಯುವುದಿಲ್ಲ. ತೆಳು ವೈರಿನಲ್ಲಿ ಅಂಥ ಮೀಸಲು ಇಲ್ಲ. ಮುಂದಿನ ಬಹುತೇಕ ಉತ್ತರಗಳು ಈ ಒಂದೇ ಸಂಗತಿಯ ಮೇಲೆ ನಿಂತಿವೆ.

ಎಲ್‌ಇಡಿ ದೀಪಕ್ಕೆ ಅರ್ಧ ಆಂಪಿಯರ್ ಕೂಡ ಬೇಕಿಲ್ಲ. ವೈರ್ ತಿರುಚಿ ಟೇಪ್ ಸುತ್ತಿದರೆ ಸಾಲದೇ?

ಮನೆಯ ಗೋಡೆಯೊಳಗಾದರೆ ಹೇಗೋ ನಡೆಯುತ್ತದೆ, ದೋಣಿಯಲ್ಲಿ ನಡೆಯುವುದಿಲ್ಲ. ಕಾರಣ ಕರೆಂಟ್ ಅಲ್ಲ, ಉಪ್ಪು.

ಕಳೆದ ವರ್ಷ ಸುತ್ತಿದ ಟೇಪನ್ನು ಬಿಚ್ಚಿ ನೋಡಿ. ಅಂಟು ಬಿಸಿಲಿಗೆ ಕರಗಿ ಜಿಗುಟಾಗಿರುತ್ತದೆ. ಒಳಗೆ ನೀರಿನ ಪಸೆ ಇರುತ್ತದೆ, ಏಕೆಂದರೆ ಟೇಪ್ ನೀರನ್ನು ಒಳಗೆ ಬಿಡುತ್ತದೆ, ಆದರೆ ಒಣಗಲು ಬಿಡುವುದಿಲ್ಲ. ತಿರುಚಿದ ಜಾಗದಲ್ಲಿ ಹಸಿರು ಕಿಲುಬು. ಅಲ್ಲಿಗೆ ಮುಗಿಯಿತು ಎಂದುಕೊಂಡು ಒಂದಿಂಚು ಕತ್ತರಿಸಿ ಹೊಸದಾಗಿ ಸಿಪ್ಪೆ ಸುಲಿದರೆ ಅಲ್ಲಿಯೂ ತಾಮ್ರ ಕಪ್ಪಾಗಿರುತ್ತದೆ. ಇನ್ನೊಂದು ಗೇಣು ಕತ್ತರಿಸಿದರೂ ಅದೇ ಕಪ್ಪು. ಎಳೆಗಳ ನಡುವಿನ ಸಣ್ಣ ಸಂದುಗಳು ಉಪ್ಪುನೀರನ್ನು ಹೀರಿಕೊಂಡು ಸಿಪ್ಪೆಯ ಒಳಗೇ ದೂರದವರೆಗೆ ಒಯ್ಯುತ್ತವೆ. ಕಪ್ಪಾದ ತಾಮ್ರವನ್ನು ಯಾವ ಕನೆಕ್ಟರಿಗೆ ಒತ್ತಿದರೂ ಹಿಡಿತ ಬರುವುದಿಲ್ಲ, ಬೆಸುಗೆಯೂ ಅಂಟುವುದಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು, ಇಲ್ಲವೇ ವೈರನ್ನೇ ಬದಲಿಸಬೇಕು.

ಎರಡನೆಯ ಶತ್ರು ನಡುಕ. ಡೀಸೆಲ್ ಎಂಜಿನ್ ಓಡುವಷ್ಟು ಹೊತ್ತೂ ವೈರ್ ಅಲುಗುತ್ತಿರುತ್ತದೆ. ತಿರುಚಿದ ಜೋಡಣೆ ದಿನದಿನಕ್ಕೆ ಸಡಿಲವಾಗುತ್ತದೆ.

ಹಾಗಾದರೆ ಎಲ್ಲಕ್ಕಿಂತ ಒಳ್ಳೆಯ ಕನೆಕ್ಟರ್ ಯಾವುದು?

ಹಾಕದೆ ಬಿಟ್ಟ ಕನೆಕ್ಟರ್! ತಮಾಷೆಗೆ ಹೇಳುತ್ತಿಲ್ಲ. ಫ್ಯೂಸ್ ಪೆಟ್ಟಿಗೆಯಿಂದ ದೀಪದವರೆಗೆ ಒಂದೇ ತುಂಡು ವೈರ್ ಎಳೆದರೆ ಕೆಡುವ ಜಾಗಗಳು ಎರಡೇ, ಎರಡು ತುದಿಗಳು. ಮನೆಯಲ್ಲಿ ಉಳಿದ ಮೂರು ತುಂಡುಗಳನ್ನು ಸೇರಿಸಿ ಎಳೆದರೆ ಇನ್ನೆರಡು ಜಾಗ ಸೇರುತ್ತವೆ, ಅವೂ ಸಾಮಾನ್ಯವಾಗಿ ಹಲಗೆಯ ಹಿಂದೆ ಕೈ ಹೋಗದ ಕಡೆ. ಹತ್ತು ಮೀಟರ್ ತೆಳು ವೈರಿನ ಬೆಲೆಗೂ ಕಡಲ ನಡುವೆ ರಾತ್ರಿ ಟಾರ್ಚ್ ಹಿಡಿದು ಜಾಯಿಂಟ್ ಹುಡುಕುವ ಕಷ್ಟಕ್ಕೂ ಹೋಲಿಕೆಯೇ ಇಲ್ಲ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಈ ಜಾಗದಲ್ಲಿ ವೈರನ್ನು ಮುಂದೆ ಬಿಚ್ಚಬೇಕಾಗುತ್ತದೆಯೇ? ಬೇಕಾಗದಿದ್ದರೆ ಶಾಶ್ವತ ಜೋಡಣೆ ಮಾಡಿ. ಬೇಕಿದ್ದರೆ ಮಾತ್ರ ಪ್ಲಗ್ ಹಾಕಿ.

ಬಿಚ್ಚುವ ಅಗತ್ಯವಿಲ್ಲದ ಕಡೆ ಏನು ಹಾಕಬೇಕು?

ಒಳಗೆ ಅಂಟಿರುವ ಹೀಟ್ ಶ್ರಿಂಕ್ ಬಟ್ ಕನೆಕ್ಟರ್. ನಡುವೆ ತವರ ಲೇಪಿಸಿದ ತಾಮ್ರದ ಕೊಳವೆ, ಅದರ ಮೇಲೆ ಬಣ್ಣದ ಪಾರದರ್ಶಕ ಸ್ಲೀವ್. ಎರಡೂ ಕಡೆ ವೈರ್ ತೂರಿಸಿ ಒತ್ತಿ, ಆಮೇಲೆ ಬಿಸಿ ಗಾಳಿ ಕೊಟ್ಟರೆ ಸ್ಲೀವ್ ಕುಗ್ಗಿ, ಒಳಗಿನ ಅಂಟು ಕರಗಿ ತುದಿಗಳಲ್ಲಿ ಸಣ್ಣ ಉಂಗುರದಂತೆ ಹೊರಗೆ ಕಾಣಿಸುತ್ತದೆ. ಆ ಉಂಗುರ ಸುತ್ತಲೂ ಕಂಡರೆ ನೀರು ಒಳಗೆ ಹೋಗುವುದಿಲ್ಲ. ಒಂದು ಬದಿಯಲ್ಲಷ್ಟೇ ಕಂಡರೆ ಇನ್ನೊಂದು ಬದಿಗೂ ಬಿಸಿ ಬೇಕು ಎಂದರ್ಥ.

ಬಣ್ಣದ ಲೆಕ್ಕ ಹೀಗೆ: ಕೆಂಪು 0.5ರಿಂದ 1.5 ಚದರ ಮಿ.ಮೀ.ಗೆ, ನೀಲಿ 1.5ರಿಂದ 2.5ಕ್ಕೆ, ಹಳದಿ 4ರಿಂದ 6ಕ್ಕೆ. ತೆಳು ವೈರಿಂಗ್‌ಗೆ ಬೇಕಾದದ್ದು ಕೆಂಪು. ಅಂಗಡಿಯಲ್ಲಿ ಕೆಂಪು ಮುಗಿದಿದೆ ಎಂದು ನೀಲಿ ತಂದು 0.75ರ ವೈರಿಗೆ ಒತ್ತುವವರು ಬಹಳ. ಒತ್ತಿದಾಗ ಹಿಡಿದಂತೆಯೇ ಕಾಣುತ್ತದೆ, ಎಳೆದರೆ ಕೈಗೆ ಬರುತ್ತದೆ.

ಪಿವಿಸಿ ಹೊದಿಕೆಯ ಅಗ್ಗದ ಕೆಂಪು ಥಿಂಬಲ್‌ಗಳೂ (ವೈರಿನ ತುದಿಗೆ ಒತ್ತುವ ಲೋಹದ ಟರ್ಮಿನಲ್‌ಗಳು) ಇದೇ ಅಳತೆಯಲ್ಲಿ ಸಿಗುತ್ತವೆ. ವೀಲ್‌ಹೌಸಿನ ಒಳಗೆ, ಒಣಗಿರುವ ಪ್ಯಾನೆಲ್ ಹಿಂದೆ ಅವು ಸಾಕು. ಡೆಕ್ ಮೇಲೆ ಮತ್ತು ಎಂಜಿನ್ ಕೋಣೆಯಲ್ಲಿ ಬೇಡ.

ಕ್ರಿಂಪಿಂಗ್ ಟೂಲ್ ಬೇಕೇ ಬೇಕೇ? ಇಕ್ಕಳದಲ್ಲಿ ಒತ್ತಿದರೆ ಆಗದೇ?

ಆಗದು. ಇಕ್ಕಳ ಕೊಳವೆಯನ್ನು ಚಪ್ಪಟೆ ಮಾಡುತ್ತದೆ ಅಷ್ಟೇ, ಎಳೆಗಳನ್ನು ಎಲ್ಲ ಕಡೆಯಿಂದ ಒತ್ತಿ ಒಂದಾಗಿಸುವುದಿಲ್ಲ. ಪೂರ್ತಿ ಒತ್ತುವವರೆಗೆ ಬಾಯಿ ತೆರೆಯದ ರ‍್ಯಾಚೆಟ್ ಟೂಲ್ ಕೊಳ್ಳಿ. ಒಬ್ಬರಿಗೆ ದುಬಾರಿ ಎನಿಸಿದರೆ ಪಕ್ಕದ ದೋಣಿಯ ಮಾಲೀಕರೊಡನೆ ಸೇರಿ ಕೊಳ್ಳಬಹುದು. ಅದರಲ್ಲೂ ಒಂದು ಸೂಕ್ಷ್ಮವಿದೆ: ಹೀಟ್ ಶ್ರಿಂಕ್ ಕನೆಕ್ಟರಿಗೆ ನುಣುಪಾದ ದವಡೆ ಬೇಕು. ಚೂಪಾದ ಹಲ್ಲಿನ ದವಡೆ ಸ್ಲೀವನ್ನು ತೂತು ಮಾಡಿದರೆ ಅಂಟಿನಿಂದ ಏನು ಪ್ರಯೋಜನ?

ಸಿಪ್ಪೆ ಆರೇಳು ಮಿ.ಮೀ. ಸುಲಿಯಿರಿ. ಎಳೆಗಳನ್ನು ಬೆರಳಲ್ಲಿ ಬಿಗಿಯಾಗಿ ತಿರುಚಬೇಡಿ, ನೇರವಾಗಿದ್ದರೆ ಸಾಕು. ಕೊಳವೆಯ ಬಾಯಿಯೊಳಗೆ ಸಿಪ್ಪೆ ನುಗ್ಗಬಾರದು. ಒತ್ತಿದ ಮೇಲೆ ಎಳೆದು ನೋಡುವುದನ್ನು ಬಿಡಬೇಡಿ. ಅಮೆರಿಕದ ದೋಣಿ ತಯಾರಕರು ಅನುಸರಿಸುವ ಎಬಿವೈಸಿ ಇ-11 ಮಾನದಂಡದಂತೆ 18 ಗೇಜ್, ಅಂದರೆ ಸುಮಾರು 0.8 ಚದರ ಮಿ.ಮೀ. ವೈರಿನ ಜೋಡಣೆ 10 ಪೌಂಡ್ ಎಳೆತ ತಡೆಯಬೇಕು. ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಕಿಲೋ. 16 ಗೇಜ್ ವೈರಿಗೆ 15 ಪೌಂಡ್, ಸುಮಾರು ಏಳು ಕಿಲೋ. ಮೀನು ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ದಕ್ಕೆಯಲ್ಲಿ ಯಾರ ಬಳಿಯಾದರೂ ಇರುತ್ತದೆ. ವೈರಿನ ಒಂದು ತುಂಡಿಗೆ ಥಿಂಬಲ್ ಒತ್ತಿ ಅದಕ್ಕೆ ಸಿಕ್ಕಿಸಿ ಎಳೆದು ನೋಡಿ. ಟೂಲ್ ಮತ್ತು ಥಿಂಬಲ್ ಎರಡರ ಯೋಗ್ಯತೆಯೂ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಮೀನು ಶೋಧಕದ ವೈರ್ ಕೆಂಪು ಕನೆಕ್ಟರಿಗಿಂತಲೂ ತೆಳುವಾಗಿದೆ. ಏನು ಮಾಡುವುದು?

22 ಗೇಜಿಗೂ ಕೆಳಗಿನ ಅಳತೆಯ ಚಿಕ್ಕ ಬಟ್ ಕನೆಕ್ಟರ್‌ಗಳು ಇವೆ, ತರಿಸಿಕೊಳ್ಳುವುದು ಮೇಲು. ಸಿಗದಿದ್ದರೆ ಸಿಪ್ಪೆಯನ್ನು ಎರಡರಷ್ಟು ಉದ್ದ ಸುಲಿದು, ಎಳೆಗಳನ್ನು ಮಡಿಚಿ ದಪ್ಪ ಮಾಡಿ ಕೆಂಪಿನೊಳಗೆ ತೂರಿಸಿ. ಎಳೆದು ನೋಡಿ ಹಿಡಿದರೆ ಸರಿ.

ಬೆಸುಗೆ ಹಾಕುವುದು ಹೆಚ್ಚು ಗಟ್ಟಿಯಲ್ಲವೇ? ನಮ್ಮ ಹಳೆಯ ಎಲೆಕ್ಟ್ರಿಷಿಯನ್ ಬೆಸುಗೆಯನ್ನೇ ಹಾಕುತ್ತಾರೆ.

ಅವರ ಬೆಸುಗೆ ಚೆನ್ನಾಗಿಯೇ ಇರಬಹುದು. ತೊಂದರೆ ಬರುವುದು ಬೆಸುಗೆಯಲ್ಲಿ ಅಲ್ಲ, ಅದು ಮುಗಿಯುವ ಜಾಗದಲ್ಲಿ. ಕರಗಿದ ಸೀಸ ಎಳೆಗಳ ನಡುವೆ ಸ್ವಲ್ಪ ದೂರ ಹರಿದು ಅಲ್ಲಿಯವರೆಗೆ ವೈರನ್ನು ಕಡ್ಡಿಯಂತೆ ಸೆಟೆಸುತ್ತದೆ. ಅದರಾಚೆ ಮೆತ್ತಗಿರುತ್ತದೆ. ನಡುಕದ ಹೊಡೆತವೆಲ್ಲ ಆ ಗೆರೆಯ ಮೇಲೆಯೇ ಬಿದ್ದು ಎಳೆಗಳು ಒಂದೊಂದಾಗಿ ಮುರಿಯುತ್ತವೆ, ಅದೂ ಸಿಪ್ಪೆಯೊಳಗೆ, ಕಣ್ಣಿಗೆ ಕಾಣದಂತೆ. ಬೆಸುಗೆಯೊಂದನ್ನೇ ಹಿಡಿತಕ್ಕೆ ನೆಚ್ಚಿಕೊಳ್ಳಬಾರದು ಎಂದು ಮೇಲೆ ಹೇಳಿದ ಇ-11 ಮಾನದಂಡವೂ ಹೇಳುತ್ತದೆ.

ಪ್ಲಗ್ಗಿನ ಪಿನ್‌ಗಳಿಗೆ ಬೆಸುಗೆಯೇ ಬೇಕಾದಲ್ಲಿ ಹಾಕಿ. ಆದರೆ ವೈರ್ ಅಲುಗದಂತೆ ಪ್ಲಗ್ಗಿನ ಹಿಂಬದಿಯಲ್ಲಿ ಕ್ಲ್ಯಾಂಪ್ ಬಿಗಿಯಿರಿ. ಆ್ಯಸಿಡ್ ಇರುವ ಫ್ಲಕ್ಸ್ ಬೇಡ, ರಾಳದ್ದನ್ನೇ ಬಳಸಿ.

ಬಿಚ್ಚಿ ಹಾಕುವ ಕಡೆಗೆ ಯಾವ ಪ್ಲಗ್? ಅಂಗಡಿಯಲ್ಲಿ ಹತ್ತು ಬಗೆ ತೋರಿಸುತ್ತಾರೆ.

ಆಟೊ ಎಲೆಕ್ಟ್ರಿಕ್ ಅಂಗಡಿಯಲ್ಲಿ ಇವನ್ನು ಕಪ್ಲರ್ ಎನ್ನುತ್ತಾರೆ. ಕೇಳುವಾಗ "ರಬ್ಬರ್ ಸೀಲ್ ಇರುವ ಕಪ್ಲರ್" ಎಂದು ಒತ್ತಿ ಹೇಳಿ. ಸೀಲ್ ಇಲ್ಲದ ಬಿಳಿ ಪ್ಲಾಸ್ಟಿಕ್ ಕಪ್ಲರ್ ನೋಡಲು ಚೆನ್ನ, ಉಪ್ಪುಗಾಳಿಗೆ ಒಂದು ಮಳೆಗಾಲವೂ ನಿಲ್ಲುವುದಿಲ್ಲ.

ತೆಳು ವೈರಿಗೆ ಸರಿಹೊಂದುವ ಮೂರು ಕುಟುಂಬಗಳಿವೆ. ಡಾಯ್ಚ್ ಕಂಪನಿಯ ಡಿಟಿ ಸರಣಿ ಮಣ್ಣೆತ್ತುವ ಯಂತ್ರ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಪಳಗಿದ್ದು. ಅದರ ಪಿನ್ ಒಂದಕ್ಕೆ 13 ಆಂಪಿಯರ್ ತಡೆಯುತ್ತದೆ. ವೈರ್ 0.5ರಿಂದ 2 ಚದರ ಮಿ.ಮೀ. ವರೆಗೆ ನಡೆಯುತ್ತದೆ. ಅದರ ತಮ್ಮ ಡಿಟಿಎಂ ಇನ್ನೂ ಚಿಕ್ಕದು. ಪಿನ್ ಒಂದಕ್ಕೆ 7.5 ಆಂಪಿಯರ್, ಜಿಪಿಎಸ್‌ನಂಥ ಸಣ್ಣ ಸಾಧನಗಳಿಗೆ ಹೇಳಿ ಮಾಡಿಸಿದ್ದು. ಮೂರನೆಯದು ಸೂಪರ್‌ಸೀಲ್. ಇದು 1.5 ಮಿ.ಮೀ. ಪಿನ್‌ನದು, ಬೈಕು ಕಾರುಗಳಲ್ಲಿ ಬಳಕೆಯಲ್ಲಿರುವುದರಿಂದ ಸುಲಭವಾಗಿ ಸಿಗುತ್ತದೆ, ಬೆಲೆಯೂ ಕಡಿಮೆ.

ಹಣವಿದ್ದರೆ ನನ್ನ ಆಯ್ಕೆ ಡಿಟಿ. ಪಿನ್‌ಗಳು ಗಟ್ಟಿ, ಒಂದು ಕೆಟ್ಟರೆ ಅದೊಂದನ್ನೇ ಹೊರಗೆಳೆದು ಬದಲಿಸಬಹುದು, ಒದ್ದೆ ಕೈಯಲ್ಲೂ ಬಿಚ್ಚಬಹುದು. ಹಣ ಬಿಗಿಯಿದ್ದರೆ ಸೂಪರ್‌ಸೀಲ್. ಬೇಡವೇ ಬೇಡ ಎನ್ನುವುದು ಎರಡು: ಸಿಗರೇಟ್ ಲೈಟರ್ ಸಾಕೆಟ್, ಮತ್ತು ಸೀಲ್ ಇಲ್ಲದ ಉಕ್ಕಿನ ಗುಂಡು ಪ್ಲಗ್. ಎರಡನೆಯದು ಬೆಳ್ಳಿಯಂತೆ ಹೊಳೆಯುತ್ತದೆ ಎಂದು ಮರುಳಾಗಬೇಡಿ. ಹೊಳಪು ಹೊರಗಿನ ಲೇಪದ್ದು.

ಡಬ್ಬಿಯ ಮೇಲೆ ಐಪಿ67 ಎಂದಿದೆ. ಅಷ್ಟಾದರೆ ನಿಶ್ಚಿಂತೆಯೇ?

ಐಪಿ67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿದರೂ ಒಳಗೆ ಹಾನಿಯಾಗುವಷ್ಟು ನೀರು ಹೋಗಬಾರದು. ಪರೀಕ್ಷೆಯಲ್ಲಿ ಬಳಸುವುದು ಸಿಹಿನೀರು. ಆ ಸಂಖ್ಯೆ ಸಿಗುವುದಕ್ಕೂ ಷರತ್ತುಗಳಿವೆ. ಎರಡೂ ಅರ್ಧಗಳು ಸೇರಿ ಕೊಂಡಿ ಬಿದ್ದಿರಬೇಕು. ಬಳಸದ ರಂಧ್ರಗಳಿಗೆ ಬಿರಡೆ ಹಾಕಿರಬೇಕು. ನಾಲ್ಕು ಪಿನ್‌ನ ಕಪ್ಲರಿನಲ್ಲಿ ಎರಡೇ ವೈರ್ ಹಾಕಿ ಉಳಿದೆರಡು ರಂಧ್ರಗಳನ್ನು ತೆರೆದಿಟ್ಟರೆ ಅದು ನೀರು ಕುಡಿಯುವ ಕಪ್ಲರ್.

ತೆಳು ವೈರಿನವರು ಸಾಮಾನ್ಯವಾಗಿ ಎಡವುವುದು ಮೂರನೆಯ ಷರತ್ತಿನಲ್ಲಿ. ವೈರಿನ ಸಿಪ್ಪೆಯ ಹೊರ ಅಳತೆ ಸೀಲಿನ ರಂಧ್ರಕ್ಕೆ ಹೊಂದಬೇಕು. ಡಿಟಿ ಸರಣಿಯ ಸಾಮಾನ್ಯ ಸೀಲ್ ಸುಮಾರು 2.2 ಮಿ.ಮೀ.ಗಿಂತ ತೆಳು ಸಿಪ್ಪೆಯನ್ನು ಹಿಡಿಯುವುದಿಲ್ಲ. ಡಿಟಿಎಂ ಸುಮಾರು 1.35 ಮಿ.ಮೀ. ವರೆಗೂ ಹಿಡಿಯುತ್ತದೆ. ತಾಮ್ರದ ಅಳತೆಯೊಂದನ್ನೇ ನೋಡಿ ಕಪ್ಲರ್ ಕೊಂಡರೆ ವೈರ್ ಸೀಲಿನಲ್ಲಿ ಸಡಿಲವಾಗಿ ಓಡಾಡುತ್ತದೆ. ಆಗ ವೈರಿನ ಮೇಲೆ ಮೊದಲು ಒಂದು ತುಂಡು ಅಂಟಿನ ಸ್ಲೀವ್ ಕುಗ್ಗಿಸಿ ದಪ್ಪ ಮಾಡಿಕೊಳ್ಳುವುದು ದಕ್ಕೆಯಲ್ಲಿ ಮಾಡಬಹುದಾದ ಪರಿಹಾರ. ಡಿಟಿಎಂ ಕೊಳ್ಳುವುದು ಸರಿಯಾದ ಪರಿಹಾರ.

ಮನೆ ವೈರಿಂಗ್‌ನ ಸ್ಕ್ರೂ ಕನೆಕ್ಟರ್ ಪಟ್ಟಿ ಬಳಸಬಹುದೇ?

ಒಣ ಪೆಟ್ಟಿಗೆಯೊಳಗೆ ಬಳಸಬಹುದು, ಆದರೆ ಬರಿ ಎಳೆಗಳ ಮೇಲೆ ಸ್ಕ್ರೂ ಬಿಗಿಯಬೇಡಿ. ತಿರುಗುವ ಸ್ಕ್ರೂವಿನ ತುದಿ ತೆಳು ಎಳೆಗಳನ್ನು ಕತ್ತರಿಸುತ್ತದೆ. ವೈರಿನ ತುದಿಗೆ ಫೆರೂಲ್, ಅಂದರೆ ಪುಟ್ಟ ಲೋಹದ ಕೊಳವೆ, ಹಾಕಿ ಒತ್ತಿ, ಆಮೇಲೆ ಬಿಗಿಯಿರಿ. ಜರ್ಮನಿಯ ಡಿಐಎನ್ ಪದ್ಧತಿಯಲ್ಲಿ 0.5ಕ್ಕೆ ಬಿಳಿ, 0.75ಕ್ಕೆ ಬೂದು, 1ಕ್ಕೆ ಕೆಂಪು, 1.5ಕ್ಕೆ ಕಪ್ಪು ಫೆರೂಲ್. ಬೇರೆ ಬಣ್ಣಪದ್ಧತಿಗಳೂ ಮಾರುಕಟ್ಟೆಯಲ್ಲಿವೆ, ಆದ್ದರಿಂದ ಬಣ್ಣ ನೋಡಿ ಕೊಳ್ಳದೆ ಅಳತೆ ಕೇಳಿ ಕೊಳ್ಳಿ.

ಫೆರೂಲ್ ಬದಲು ತುದಿಗೆ ಬೆಸುಗೆ ಮೆತ್ತಿ ಸ್ಕ್ರೂ ಬಿಗಿಯುವ ಅಭ್ಯಾಸ ಕೆಲವರಿಗಿದೆ. ಬೆಸುಗೆ ಮೆದು ಲೋಹ, ಒತ್ತಡಕ್ಕೆ ನಿಧಾನವಾಗಿ ಹರಡಿಕೊಳ್ಳುತ್ತದೆ. ಇಂದು ಬಿಗಿಯಾಗಿದ್ದ ಸ್ಕ್ರೂ ಕೆಲವು ತಿಂಗಳಲ್ಲಿ ಸಡಿಲ.

ಹಿಡಿಕೆ ಎತ್ತಿ ವೈರ್ ತೂರಿಸುವ ವ್ಯಾಗೊ ಕನೆಕ್ಟರ್?

ವೀಲ್‌ಹೌಸಿನ ಪ್ಯಾನೆಲ್ ಹಿಂದೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಳಗೆ ಸ್ಪ್ರಿಂಗ್ ಇರುವುದರಿಂದ ನಡುಕಕ್ಕೆ ಸಡಿಲವಾಗುವುದಿಲ್ಲ. ಆದರೆ ನೀರು ತಡೆಯುವ ಗುಣ ಇಲ್ಲವೇ ಇಲ್ಲ. ಡೆಕ್ಕಿನ ಕೆಳಗೆ ಬೇಡ.

ವೈರನ್ನು ಕತ್ತರಿಸದೆ ಚುಚ್ಚಿ ಹಿಡಿಯುವ ನೀಲಿ ಕ್ಲಿಪ್?

ಬೇಡ. ಚುಚ್ಚಿದ ಜಾಗವೇ ಉಪ್ಪುನೀರಿಗೆ ಬಾಗಿಲು.

ವಯರ್‌ಲೆಸ್‌ನಲ್ಲಿ ಎಲ್ಲರ ಮಾತೂ ಕೇಳಿಸುತ್ತದೆ. ನಾವು ಮಾತನಾಡಲು ಬಟನ್ ಒತ್ತಿದರೆ ಸೆಟ್ ಆಫ್ ಆಗುತ್ತದೆ. ಸೆಟ್ ಕೆಟ್ಟಿದೆಯೇ?

ಸೆಟ್ ರಿಪೇರಿಗೆ ಕಳಿಸುವ ಮೊದಲು ಕನೆಕ್ಟರ್ ನೋಡಿ. 25 ವ್ಯಾಟಿನ ವಿಎಚ್‌ಎಫ್ ಸೆಟ್ ಕೇಳುವಾಗ ಅರ್ಧ ಆಂಪಿಯರ್ ಆಸುಪಾಸು ಎಳೆಯುತ್ತದೆ, ಮಾತನಾಡುವಾಗ ಐದಾರು ಆಂಪಿಯರ್. ಜಾಯಿಂಟಿನಲ್ಲಿ ಕಿಲುಬಿನಿಂದ ಒಂದು ಓಮ್ ಪ್ರತಿರೋಧ ಸೇರಿಕೊಂಡಿದೆ ಎಂದುಕೊಳ್ಳಿ. ಕೇಳುವಾಗ ಅರ್ಧ ವೋಲ್ಟ್ ನಷ್ಟ, ಸೆಟ್‌ಗೆ ಗೊತ್ತಾಗುವುದೇ ಇಲ್ಲ. ಬಟನ್ ಒತ್ತಿದ ಕ್ಷಣ ಐದು ವೋಲ್ಟ್ ನಷ್ಟ. 12ರಲ್ಲಿ 7 ಉಳಿದರೆ ಯಾವ ಸೆಟ್ ಓಡುತ್ತದೆ? ಅಪಾಯದಲ್ಲಿ 16ನೇ ಚಾನೆಲ್‌ನಲ್ಲಿ ಕೂಗಬೇಕಾದಾಗಲೇ ಸೆಟ್ ಮೂಕವಾಗುವುದು ಹೀಗೆ.

ಇಲ್ಲಿ ಇನ್ನೊಂದು ವಿಷಯವೂ ಇದೆ. ಪ್ರತಿರೋಧ ಅಷ್ಟೇ ಇದ್ದು ನಾಲ್ಕು ಆಂಪಿಯರ್ ಹರಿದರೆ ಆ ಒಂದು ಜಾಯಿಂಟಿನಲ್ಲಿ 16 ವ್ಯಾಟ್ ಶಾಖ ಹುಟ್ಟುತ್ತದೆ. ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಪ್ಲಗ್ ಕರಗಿ ಕಂದಾಗಿರುವುದಕ್ಕೆ ಶಾರ್ಟ್ ಸರ್ಕ್ಯೂಟ್ ಆಗಿರಲೇಬೇಕೆಂದಿಲ್ಲ, ಫ್ಯೂಸ್ ಹಾರದೆಯೂ ಹೀಗಾಗುತ್ತದೆ.

ಪತ್ತೆ ಮಾಡುವುದು ಸುಲಭ. ಮಲ್ಟಿಮೀಟರಿನ ಪೀಂ ಪೀಂ ಸದ್ದನ್ನು ನಂಬಬೇಡಿ, ಒಂದೇ ಎಳೆ ಉಳಿದಿದ್ದರೂ ಅದು ಕೂಗುತ್ತದೆ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಸಾಧನ ಓಡುತ್ತಿರುವಾಗಲೇ ಒಂದು ಕಡ್ಡಿಯನ್ನು ಜಾಯಿಂಟಿನ ಈಚೆಗೆ, ಇನ್ನೊಂದನ್ನು ಆಚೆಗೆ ಮುಟ್ಟಿಸಿ. 0.05 ವೋಲ್ಟಿಗಿಂತ ಕಡಿಮೆ ಬಂದರೆ ಬಿಟ್ಟುಬಿಡಿ. 0.2 ದಾಟಿದರೆ ಕತ್ತರಿಸಿ ಹೊಸದು ಹಾಕಿ. ನೆಗೆಟಿವ್ ಬದಿಯನ್ನೂ ಹೀಗೆಯೇ ನೋಡಬೇಕು, ಅದನ್ನು ಮರೆಯುವವರೇ ಹೆಚ್ಚು.

ತೆಳು ವೈರ್ ಸಾಕೋ, ದಪ್ಪ ಬೇಕೋ ತಿಳಿಯುವುದು ಹೇಗೆ?

ಹೋಗುವ ಬರುವ ಎರಡೂ ದಾರಿಯ ಉದ್ದವನ್ನು ಮೀಟರಿನಲ್ಲಿ ಹಿಡಿದು ಆಂಪಿಯರಿನಿಂದ ಗುಣಿಸಿ, ಮತ್ತೆ 0.0175ರಿಂದ ಗುಣಿಸಿ, ವೈರಿನ ಚದರ ಮಿ.ಮೀ.ನಿಂದ ಭಾಗಿಸಿ. ಬರುವುದು ವೋಲ್ಟ್ ನಷ್ಟ. 12 ಮೀಟರ್ ದೂರದ ಕಂಬದ ಎಲ್‌ಇಡಿ ದೀಪ 0.3 ಆಂಪಿಯರ್ ಎಳೆದರೆ 0.75ರ ವೈರಿನಲ್ಲಿ 0.17 ವೋಲ್ಟ್ ನಷ್ಟ, ಶೇ 1.4. ಧಾರಾಳವಾಗಿ ಸಾಕು. ಎಂಟು ಮೀಟರ್ ದೂರದ ಬಿಲ್ಜ್ ಪಂಪ್ (ದೋಣಿಯ ತಳದ ನೀರು ಹೊರಹಾಕುವ ಪಂಪ್) 4 ಆಂಪಿಯರ್ ಎಳೆದರೆ 1 ಚದರ ಮಿ.ಮೀ. ವೈರಿನಲ್ಲಿ 1.12 ವೋಲ್ಟ್, ಶೇ 9ಕ್ಕೂ ಹೆಚ್ಚು. ಸಾಲದು. ಸಂಚಾರ ದೀಪ, ಪಂಪ್, ವಯರ್‌ಲೆಸ್‌ನಂಥ ಮುಖ್ಯ ಸಾಧನಗಳಿಗೆ ಶೇ 3ರೊಳಗೆ ಇರಬೇಕೆಂಬುದು ರೂಢಿಯಲ್ಲಿರುವ ಮಿತಿ. ಪಂಪಿಗೆ 4 ಚದರ ಮಿ.ಮೀ. ಎಳೆಯಿರಿ, ಅದರ ಫ್ಲೋಟ್ ಸ್ವಿಚ್ ಜೋಡಣೆಯನ್ನು ಅದೇ ಅಳತೆಗೆ ಹೊಂದಿಸಿ.

ಫ್ಲೋಟ್ ಸ್ವಿಚ್ಚಿನ ಜಾಯಿಂಟ್ ವರ್ಷಕ್ಕೊಮ್ಮೆ ಹೋಗುತ್ತದೆ.

ಜಾಯಿಂಟ್ ಎಲ್ಲಿದೆ ನೋಡಿ. ಸ್ವಿಚ್ಚಿನೊಡನೆ ಬಂದ ವೈರ್ ಚಿಕ್ಕದು, ಮುಗಿದಲ್ಲೇ ಜೋಡಿಸಿ ಬಿಟ್ಟಿರುತ್ತಾರೆ. ಅಂದರೆ ತಳದ ಎಣ್ಣೆ ಮಿಶ್ರಿತ ನೀರಿನಲ್ಲಿ. ಆ ವೈರನ್ನು ಎತ್ತರದ ಕಡೆಗೆ ಎಳೆದು ತಂದು ಅಲ್ಲಿ ಜೋಡಿಸಿ. ಅಲ್ಲಿಗೆ ಮುಟ್ಟದಷ್ಟು ಚಿಕ್ಕದಾದರೆ ಅಂಟಿನ ಬಟ್ ಕನೆಕ್ಟರ್ ಹಾಕಿ, ಅದರ ಮೇಲೆ ಉದ್ದನೆಯ ಇನ್ನೊಂದು ಅಂಟಿನ ಸ್ಲೀವ್ ಕುಗ್ಗಿಸಿ. ಬಿಚ್ಚುವ ಕಪ್ಲರ್ ಬೇಕೆಂದರೆ ಅದು ನೀರು ಎಂದೂ ಏರದ ಎತ್ತರದಲ್ಲೇ ಇರಲಿ.

ಇಲ್ಲೊಂದು ವಿಚಿತ್ರ ಕಾಣುತ್ತದೆ. ಒದ್ದೆಯಾದ ಎರಡು ಪಿನ್‌ನ ಪ್ಲಗ್ ಬಿಚ್ಚಿದರೆ ನೆಗೆಟಿವ್ ಪಿನ್ ಹೊಸದರಂತಿರುತ್ತದೆ, ಪಾಸಿಟಿವ್ ಪಿನ್ ಸೂಜಿಯಂತೆ ಸವೆದಿರುತ್ತದೆ ಅಥವಾ ಇರುವುದೇ ಇಲ್ಲ. ಪಿನ್‌ಗಳ ನಡುವೆ ಉಪ್ಪುನೀರು ನಿಂತಾಗ ಡಿಸಿ ಕರೆಂಟ್ ಪಾಸಿಟಿವ್ ಬದಿಯ ಲೋಹವನ್ನು ಕರಗಿಸಿ ಒಯ್ಯುತ್ತದೆ. ಹಾಗಾಗಿ ಡೆಕ್ ದೀಪದಂಥವುಗಳಿಗೆ ಸ್ವಿಚ್ ಪ್ಲಗ್ಗಿಗಿಂತ ಮೊದಲೇ ಬರುವಂತೆ ವೈರ್ ಎಳೆಯಿರಿ. ಸ್ವಿಚ್ ಆಫ್ ಇದ್ದಾಗ ಪ್ಲಗ್ಗಿನಲ್ಲಿ ಕರೆಂಟ್ ಇಲ್ಲ, ಕರಗುವುದೂ ಇಲ್ಲ. ಫ್ಲೋಟ್ ಸ್ವಿಚ್ಚಿಗೆ ಈ ಉಪಾಯ ನಡೆಯದು, ಅದು ಸದಾ ಜೀವಂತ. ಅದಕ್ಕೇ ಅಷ್ಟು ಬೇಗ ಸಾಯುತ್ತದೆ.

ಪ್ಲಗ್ಗಿನ ಯಾವ ಅರ್ಧ ಯಾವ ಕಡೆ?

ಬ್ಯಾಟರಿ ಕಡೆಯಿಂದ ಬರುವ ವೈರಿಗೆ ಸಾಕೆಟ್, ಸಾಧನದ ಕಡೆಗೆ ಪಿನ್. ಬಿಚ್ಚಿಟ್ಟಾಗ ಜೀವಂತ ಪಿನ್ ಹೊರಗೆ ಚಾಚಿಕೊಂಡಿರಬಾರದು.

ಜಿಪಿಎಸ್, ಎಐಎಸ್ (ದೋಣಿಯ ಗುರುತು ಮತ್ತು ಸ್ಥಾನವನ್ನು ಬಿತ್ತರಿಸುವ ಸಾಧನ), ಟ್ರಾನ್ಸ್‌ಪಾಂಡರ್‌ಗಳ ಡೇಟಾ ವೈರ್‌ಗಳಿಗೂ ಇವೇ ಕನೆಕ್ಟರ್‌ಗಳೇ?

ಕಂಪನಿಯೇ ಕೊಟ್ಟ ಪ್ಲಗ್ಗನ್ನು ಕತ್ತರಿಸಬೇಡಿ, ಇದು ಮೊದಲ ಮಾತು. ವೈರ್ ಉದ್ದವಾಯಿತು ಎಂದು ತುಂಡರಿಸಿ ಮತ್ತೆ ಸೇರಿಸುವುದು ಕಂಡಿದ್ದೇನೆ. ಹೆಚ್ಚಾದದ್ದನ್ನು ಸುರುಳಿ ಮಾಡಿ ಕಟ್ಟಿಡಿ.

ಡೇಟಾ ವೈರಿನಲ್ಲಿ ಹರಿಯುವುದು ಕೆಲವೇ ಮಿಲಿಆಂಪಿಯರ್. ಪಿನ್ ಮೇಲೆ ಸೇರಿದ ಕಣ್ಣಿಗೆ ಕಾಣದ ಪೊರೆಯನ್ನು ಭೇದಿಸುವ ಶಕ್ತಿ ಅಷ್ಟು ಸಣ್ಣ ಕರೆಂಟಿಗಿಲ್ಲ. ತವರ ಲೇಪದ ಪಿನ್‌ಗಳು ನಡುಕಕ್ಕೆ ಒಂದಕ್ಕೊಂದು ತಿಕ್ಕಿ ಇಂಥ ಪೊರೆ ಕಟ್ಟುತ್ತವೆ. ಆದ್ದರಿಂದ ಡೇಟಾ ಪ್ಲಗ್ಗಿಗೆ ಚಿನ್ನದ ಲೇಪದ ಪಿನ್ ಕೊಳ್ಳಿ, ಎರಡೂ ಬದಿಗೆ. ಒಂದು ಬದಿ ಚಿನ್ನ, ಇನ್ನೊಂದು ಬದಿ ತವರ ಆದರೆ ಮೊದಲಿಗಿಂತಲೂ ಬೇಗ ಕೆಡುತ್ತದೆ. ದೋಣಿಯ ಸಾಧನಗಳನ್ನು ಒಂದಕ್ಕೊಂದು ಬೆಸೆಯುವ ಎನ್‌ಎಂಇಎ 2000 ಜಾಲವಿದ್ದರೆ ಅದರ ಐದು ಪಿನ್‌ನ ಸ್ಕ್ರೂ ಪ್ಲಗ್‌ಗಳನ್ನೇ ಬಳಸಬೇಕು. ಕರೆಂಟ್ ಆಫ್ ಮಾಡಿ ಬಿಳಿ ಮತ್ತು ನೀಲಿ ವೈರ್‌ಗಳ ನಡುವೆ ಅಳೆದಾಗ 60 ಓಮ್ ಆಸುಪಾಸು ಬಂದರೆ ಜಾಲದ ಎರಡು ತುದಿಯ ಟರ್ಮಿನೇಟರ್‌ಗಳೂ (ತುದಿಗೆ ಹಾಕುವ ಪ್ರತಿರೋಧಕಗಳು) ಸರಿಯಿವೆ. 120 ಬಂದರೆ ಒಂದು ಬಿಟ್ಟುಹೋಗಿದೆ.

ವೈರ್ ಯಾವುದು ಕೊಳ್ಳಬೇಕು? ತವರ ಲೇಪದ್ದು ಎಂದು ಸ್ಪೀಕರ್ ವೈರ್ ಕೊಟ್ಟರು.

ಒಂದು ಎಳೆಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ಹೊರಗೆ ಬೆಳ್ಳಿ ಬಣ್ಣ, ಒಳಗೆ ಕೆಂಪು ಕಂಡರೆ ತವರ ಲೇಪದ ತಾಮ್ರ. ಹೊರಗೆ ಕೆಂಪು, ಒಳಗೆ ಬೆಳ್ಳಿ ಕಂಡರೆ ತಾಮ್ರದ ವೇಷ ತೊಟ್ಟ ಅಲ್ಯೂಮಿನಿಯಂ. ಉಪ್ಪುನೀರು ತಾಗಿದರೆ ಪುಡಿಯಾಗುತ್ತದೆ, ಅಂಗಡಿಗೆ ವಾಪಸ್ ಕೊಡಿ. ಮನೆಯ ಒಂದೇ ಎಳೆಯ ಗಟ್ಟಿ ವೈರ್ ಕೂಡ ದೋಣಿಗಲ್ಲ, ನಡುಕಕ್ಕೆ ಮುರಿಯುತ್ತದೆ. ತವರ ಲೇಪದ ಬಹು ಎಳೆಯ ವೈರ್ ಕಾರವಾರದಲ್ಲಿ ಸಿಗದಿದ್ದರೆ ಮಂಗಳೂರು ಅಥವಾ ಗೋವಾದಿಂದ ತರಿಸಿ. ಸಾದಾ ತಾಮ್ರದ್ದೇ ಗತಿ ಎಂದಾದರೆ ಪ್ರತಿ ತುದಿಯನ್ನೂ ಅಂಟಿನ ಸ್ಲೀವ್‌ನಿಂದ ಮುಚ್ಚಲೇಬೇಕು.

ಗ್ರೀಸ್, ವ್ಯಾಸಲೀನ್, ಸಿಲಿಕಾನ್ ಇವುಗಳಲ್ಲಿ ಯಾವುದು?

ರಬ್ಬರ್ ಸೀಲಿಗೆ ತೆಳ್ಳಗೆ ಸಿಲಿಕಾನ್ ಗ್ರೀಸ್. ವ್ಯಾಸಲೀನ್ ಬ್ಯಾಟರಿ ಟರ್ಮಿನಲ್‌ಗೆ ಸರಿ, ಕೆಲವು ಬಗೆಯ ರಬ್ಬರನ್ನು ಅದು ಉಬ್ಬಿಸುತ್ತದೆ. ಟ್ಯೂಬಿನ ಸಿಲಿಕಾನ್ ಸೀಲೆಂಟ್ ಬಳಸುವುದಾದರೆ ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಒಣಗುವಾಗ ಅದರಿಂದ ಆಮ್ಲ ಹೊರಬಂದು ತಾಮ್ರವನ್ನು ತಿನ್ನುತ್ತದೆ. ವಾಸನೆಯಿಲ್ಲದ ನ್ಯೂಟ್ರಲ್ ಬಗೆಯದ್ದು ಕೇಳಿ.

ಹಲವು ವೈರ್‌ಗಳು ಸೇರುವ ಕಡೆ ಜಂಕ್ಷನ್ ಪೆಟ್ಟಿಗೆ ಹೇಗಿರಬೇಕು?

ವೈರ್‌ಗಳು ಕೆಳಗಿನಿಂದ ಒಳಗೆ ಬರಲಿ, ಮೇಲಿನಿಂದ ಬೇಡ. ಪೆಟ್ಟಿಗೆಗೆ ಸೇರುವ ಮೊದಲು ವೈರ್ ಒಂದು ಬಳುಕು ಕೆಳಗಿಳಿದು ಮೇಲೇರಿದರೆ ಹರಿದುಬರುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ವೈರ್ ಒಳಹೋಗುವ ತೂತಿಗೆ ಹಾಕುವ ಬಿಗಿ ಮೂತಿಯೇ ಗ್ಲ್ಯಾಂಡ್, ಅದರ ರಬ್ಬರ್ ಗುಂಡಗಿನ ಕೇಬಲಿಗೆಂದು ಮಾಡಿದ್ದು. ಎರಡು ತೆಳು ವೈರ್‌ಗಳನ್ನು ಒಟ್ಟಿಗೆ ಒಂದೇ ಗ್ಲ್ಯಾಂಡಿನಲ್ಲಿ ತೂರಿಸಿದರೆ ನಡುವಿನ ಸಂದಿನಿಂದ ನೀರು ಸಲೀಸಾಗಿ ಹೋಗುತ್ತದೆ. ಪ್ರತಿ ವೈರಿಗೂ ಒಂದೊಂದು ಗ್ಲ್ಯಾಂಡ್, ಇಲ್ಲವೇ ಒಂದೇ ಹೊದಿಕೆಯಲ್ಲಿ ಎರಡು ವೈರಿರುವ ಗುಂಡು ಕೇಬಲ್ ಬಳಸಿ.

ಫ್ಯೂಸ್ ಎಷ್ಟರದ್ದು?

ಫ್ಯೂಸ್ ಕಾಯುವುದು ವೈರನ್ನು, ದೀಪವನ್ನಲ್ಲ. ನನ್ನ ಲೆಕ್ಕ 0.5ಕ್ಕೆ 3 ಆಂಪಿಯರ್, 0.75ಕ್ಕೆ 5. ಕಪ್ಲರಿನ ಪಿನ್ ತಡೆಯುವ ಮಿತಿಯೂ ಫ್ಯೂಸಿಗಿಂತ ಮೇಲಿರಬೇಕು.

ನಮ್ಮ ದೋಣಿ ಕಡಲಿಗೆ ಹೋಗುವುದೇ ಇಲ್ಲ, ಕಾಳಿ ನದಿಯಲ್ಲೇ ಪ್ರವಾಸಿಗರನ್ನು ಕರೆದೊಯ್ಯುತ್ತದೆ. ನಮಗೂ ಇಷ್ಟೆಲ್ಲ ಬೇಕೇ?

ಬೇಕು. ಸದಾಶಿವಗಡದ ಬಳಿ ಆಗಲಿ, ಶರಾವತಿಯ ಹೊನ್ನಾವರದಲ್ಲಿ ಆಗಲಿ, ಅಘನಾಶಿನಿಯ ತದಡಿಯಲ್ಲಿ ಆಗಲಿ, ಭರತದಲ್ಲಿ ಒಳಗೆ ನುಗ್ಗುವುದು ಕಡಲ ನೀರೇ. ಮಳೆಗಾಲದಲ್ಲಿ ಸಿಹಿಯಾಗುತ್ತದೆ, ಉಳಿದಂತೆ ಉಪ್ಪು. ಎಂಜಿನ್ ಚಿಕ್ಕದಾದ್ದರಿಂದ ನಡುಕ ಕಡಿಮೆ, ಅಷ್ಟೇ ನಿಮಗಿರುವ ರಿಯಾಯಿತಿ.

ಔಟ್‌ಬೋರ್ಡ್ ಎಂಜಿನ್ನಿನ ಸಣ್ಣ ಫೈಬರ್ ದೋಣಿ. ಒಂದೇ ಸಲ ಏನೇನು ಕೊಂಡಿಟ್ಟುಕೊಳ್ಳಲಿ?

ಕೆಂಪು ಅಂಟಿನ ಬಟ್ ಕನೆಕ್ಟರ್ ಇಪ್ಪತ್ತೈದು, ಅದೇ ಬಗೆಯ ಉಂಗುರದ ಥಿಂಬಲ್ ಹತ್ತು, ಎರಡು ಪಿನ್‌ನ ಸೂಪರ್‌ಸೀಲ್ ನಾಲ್ಕು ಜೊತೆ, ಬೇರೆ ಬೇರೆ ದಪ್ಪದ ಅಂಟಿನ ಸ್ಲೀವ್, 3 ಮತ್ತು 5 ಆಂಪಿಯರಿನ ಫ್ಯೂಸ್‌ಗಳು. ಇಷ್ಟು ಒಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಿಡಿಸುತ್ತದೆ. ಕ್ರಿಂಪಿಂಗ್ ಟೂಲನ್ನು ಮಾತ್ರ ಡಬ್ಬಿಯಲ್ಲಿಟ್ಟು ದೋಣಿಯಲ್ಲೇ ಬಿಡಬೇಡಿ. ಅದರ ರ‍್ಯಾಚೆಟ್ ತುಕ್ಕು ಹಿಡಿದರೆ ಅರ್ಧ ಒತ್ತಿ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ಯಿರಿ.

ಆಗಸ್ಟ್ 1ಕ್ಕೆ ಇಳಿಯಬೇಕು, ಕೈಯಲ್ಲಿ ಒಂದೇ ದಿನವಿದೆ. ಎಲ್ಲಿಂದ ಶುರು ಮಾಡಲಿ?

ವಯರ್‌ಲೆಸ್, ಸಂಚಾರ ದೀಪಗಳು, ಬಿಲ್ಜ್ ಪಂಪ್. ಈ ಮೂರರ ಪ್ರತಿ ಜಾಯಿಂಟಿಗೂ ಮೇಲೆ ಹೇಳಿದ ವೋಲ್ಟ್ ಪರೀಕ್ಷೆ ಮಾಡಿ. ಆಗ ಎಂಜಿನ್ ಓಡುತ್ತಿರಲಿ. ನಿಂತ ದೋಣಿಯಲ್ಲಿ ಸರಿಯಾಗಿ ಕಾಣುವ ಸಡಿಲ ಜಾಯಿಂಟ್ ನಡುಕದಲ್ಲಿ ಮಿಡುಕುತ್ತದೆ, ಮೀಟರಿನ ಅಂಕಿ ಕುಣಿಯುತ್ತದೆ. ಟೇಪ್ ಸುತ್ತಿದ ಜೋಡಣೆ ಕಂಡರೆ ಪರೀಕ್ಷೆಯೂ ಬೇಡ, ಕತ್ತರಿಸಿ ಹೊಸದು ಹಾಕಿ. ಕ್ಯಾಬಿನ್ ದೀಪ, ಮೊಬೈಲ್ ಚಾರ್ಜರ್, ಹಾಡಿನ ಡಬ್ಬಿ ಇವೆಲ್ಲ ಮೊದಲ ಫೇರಿ ಮುಗಿಸಿ ಬಂದ ಮೇಲೆ ನೋಡಿಕೊಳ್ಳಬಹುದು.